‘ಬದುಕೋದು ಬೇರೆ, ಬಸಿರಾಗೋದು ಬೇರೆ’

ಒಂದು ಕಾಲಕ್ಕೆ ದೇಶದ ಡೀಸೆಲ್ ಚಿಂತೆ ನೀಗಿಸಲು ಹೊರಟಿದ್ದ ನಾಯಕ, ಜಟ್ರೋಫಾ ಯಾನೆ ಕಾಡುಹರಳು. ಈಗ ಚಳ್ಳಕೆರೆ ಕಡೆಯ ಹೊಲವೊಂದರ ಬದುವಿನಲ್ಲಿ, ಸಮಯ ಕೇಳದೆಯೂ ಸಂದರ್ಶನಕ್ಕೆ ಸಿಗುತ್ತದೆ.

ಹೇಗಿದ್ದೀರಿ?

ಇದ್ದೀನಿ ಸ್ವಾಮಿ. ಇರೋದೇ ನನ್ನ ಕಸುಬು. ದನ ಬಾಯಿ ಹಾಕಲ್ಲ, ಮೇಕೆ ಮೂಸೂ ನೋಡಲ್ಲ ಅಂತ ಬೇಲಿಗೆ ನೆಡ್ತಿದ್ರು. ನೆಮ್ಮದಿಯಾಗಿದ್ದೆ. 2003ರಲ್ಲಿ ಯೋಜನಾ ಆಯೋಗದವರು ‘ಏಳು, ದೇಶ ಕರೀತಿದೆ’ ಅಂದ್ರು.

ಯಾವ ಹುದ್ದೆಗೆ?

2011–12ರ ಹೊತ್ತಿಗೆ ಡೀಸೆಲ್‌ಗೆ ಶೇ 20ರಷ್ಟು ನನ್ನ ಎಣ್ಣೆ ಬೆರೆಸಬೇಕು ಅಂತ. ಪಾಳುಭೂಮಿ ಸಾಕು, ನೀರು ಬೇಡ, ಗೊಬ್ಬರ ಬೇಡ ಅಂತ ಊರೆಲ್ಲ ಸಾರಿದ್ರು. ನನ್ನನ್ನೊಂದು ಮಾತು ಕೇಳಲಿಲ್ಲ.

ನೀರಿಲ್ಲದೆ ಬೆಳೆಯುತ್ತೀರಿ ಎಂಬುದು ಸುಳ್ಳೇ?

ಅರ್ಧ ಸತ್ಯ. ವರ್ಷಕ್ಕೆ 250–300 ಮಿ.ಮೀ. ಮಳೆ ಬಿದ್ದರೂ ಜೀವ ಹಿಡ್ಕೊಂಡಿರ್ತೀನಿ. ಕಾಯಿ ಕಟ್ಟೋಕೆ ಕಡಿಮೆ ಅಂದ್ರೂ 600 ಬೇಕು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ 2010ರಲ್ಲಿ ಬರೆದಿದೆ. ಈ ಸೀಮೇಲಿ ಅಷ್ಟು ಮಳೆ ಎಲ್ಲಿಂದ ತರಲಿ? ಬದುಕೋದು ಬೇರೆ, ಬಸಿರಾಗೋದು ಬೇರೆ ಸ್ವಾಮಿ.

ಮಲೆನಾಡಿಗೆ ಹೋಗಬಹುದಿತ್ತಲ್ಲ?

ಆಗುಂಬೆಗಾ? ಅಲ್ಲಿ 7,000 ದಾಟುತ್ತೆ. ಬುಡದಲ್ಲಿ ನೀರು ನಿಂತರೆ ನನ್ನ ಬೇರು ಕೊಳೆಯುತ್ತೆ. ಒಂದೇ ರಾಜ್ಯದಲ್ಲಿ ಇಷ್ಟು ಅಂತರ. ಕಡತದಲ್ಲಿ ಮಾತ್ರ ಎಲ್ಲ ಕಡೆಗೂ ಒಂದೇ ಷರಾ: ‘ಬೆಳೆಯುತ್ತದೆ’. ಕಾಯಿ ಬಿಟ್ಟ ಕಡೆಯಾದರೂ ಸುಖವಿತ್ತಾ? ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕಪ್ಪು ಎಲ್ಲ ಒಟ್ಟಿಗೆ. ಕೀಳೋಕೆ ಆಳು ಮತ್ತೆ ಮತ್ತೆ ಬರಬೇಕು. ಬೀಜದ ದುಡ್ಡು ಕೂಲಿಗೇ ಸರಿಹೋಯ್ತು. ಹಿಂಡಿಯಾದರೂ ಎಮ್ಮೆಗೆ ಹಾಕೋಣ ಅಂದ್ರೆ ವಿಷ.

ವಿಮಾನ ಹಾರಿಸಿದ್ದೀರಂತೆ!

2018ರ ಆಗಸ್ಟ್ 27, ಡೆಹ್ರಾಡೂನ್‌ನಿಂದ ದೆಹಲಿಗೆ. ನನ್ನ ಎಣ್ಣೆಯ ಇಂಧನ ಬೆರೆಸಿದ್ರು. ನಾನು ಆಕಾಶಕ್ಕೇರಿದೆ, ನನ್ನ ನೆಟ್ಟ ರೈತ ಸಾಲಕ್ಕಿಳಿದ.

ಈಗ ಕಬ್ಬಿನ ಎಥೆನಾಲ್ ಕಾಲ. ಹೊಟ್ಟೆಕಿಚ್ಚೇ?

ಕನಿಕರ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಆದವು. ಡಿಸೆಂಬರ್‌ನಲ್ಲಿ, ಸಕ್ಕರೆಗೇ ಕೊರತೆ ಬಂದೀತು ಅಂತ, ಕಬ್ಬಿನ ಹಾಲಿಂದ ಎಥೆನಾಲ್ ಮಾಡಬೇಡಿ ಅಂತು ಕೇಂದ್ರ. ಆಮೇಲೆ ಕೊಂಚ ಸಡಿಲಿಸಿದ್ರು ಅನ್ನಿ. ಕಾಲುವೆ ನೀರು ಕುಡಿದು ಬೆಳೆಯೋನ ಪಾಡೇ ಹಿಂಗೆ. ಆದ್ರೂ ಪೆಟ್ರೋಲ್‌ಗೆ ಶೇ 20 ಬೆರೆಸೋ ಗುರಿಯನ್ನ 2030ರಿಂದ 2025–26ಕ್ಕೆ ಹಿಂದಕ್ಕೆ ತಂದಿದ್ರಲ್ಲ, ಮುಂಗಾರಿಗೆ ಯಾರಾದ್ರೂ ಸುತ್ತೋಲೆ ಕಳಿಸಿದ್ರಾ?

ಸರ್ಕಾರಕ್ಕೆ ಏನು ಹೇಳುತ್ತೀರಿ?

ಎಣ್ಣೆಮರವೇ ಬೇಕಂದ್ರೆ ಹೊಂಗೆ ಇಲ್ಲೇ ಇದೆ, ಅದನ್ನ ವಿಚಾರಿಸಿ. ಅದಕ್ಕೂ ಎಲ್ಲ ಊರೂ ಒಂದೇ ಅಲ್ಲ. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ನೆಟ್ಟಿದ್ದೀರಲ್ಲ, ಇನ್ನೊಂದು ಸಲ ಸಸಿ ತುಂಬಿದ ಲಾರಿ ಕಳಿಸೋ ಮುಂಚೆ ದಯವಿಟ್ಟು ಆ ಊರಿನ ಲೆಕ್ಕ ತೆಗೆದು ಓದಿ.