ಜಾಲಕ್ರೀಡಾವಿಚ್ಛೇದ ಮೀಮಾಂಸೆ

ಆನ್‌ಲೈನ್ ಆಟದ ಮಧ್ಯೆ ಆಡುವವನು ಹೊರಬೀಳುವುದೇಕೆ? ಮೋಡೆಮ್ ಟೆಲಿಫೋನ್ ಲೈನಿನಲ್ಲಿ ಜಾಲ ಹಿಡಿಯುತ್ತಿದ್ದ ಕಾಲದ ವಾದ ಕೇಳಿ: ಲೈನೇ ಸರಿಯಿಲ್ಲವೆಂದು ಕೆಲವರು, ಆಚೆ ತುದಿಯ ಸರ್ವರ್ ಮಲಗಿದೆಯೆಂದು ಇನ್ನು ಕೆಲವರು. ಒಳಮನೆಯಲ್ಲಿ ಯಾರೋ ಫೋನ್ ಎತ್ತಿದರೆಂಬ ಮತಕ್ಕೆ ಪ್ರತ್ಯಕ್ಷ ಪ್ರಮಾಣವೇ ಉಂಟು. ಆದರೆ ಮನೆಯವರೆಲ್ಲ ಗೊರಕೆ ಹೊಡೆಯುವಾಗಲೂ, ಡಯಲ್ ಟೋನ್ ಸ್ವಚ್ಛವಾಗಿರುವಾಗಲೂ ವಿಚ್ಛೇದ ಸಂಭವಿಸುವುದರಿಂದ ಇವೆಲ್ಲ ಪೂರ್ವಪಕ್ಷಗಳೆಂದೇ ತಿಳಿಯತಕ್ಕದ್ದು. ಸಿದ್ಧಾಂತ ಇರುವುದು ಡಬ್ಬಿಯೊಳಗೆ. ಸ್ಕ್ರೂಡ್ರೈವರ್ ತನ್ನಿ.

ಒಳಗೆ ಸಿಗುವ ಮೂಲ ಆಕರಗಳು ತಾಮ್ರಶಾಸನಗಳು. ಹಸಿರು ಹಲಗೆ, ತಾಮ್ರದ ಗೆರೆಗಳು, ಮೋಡೆಮ್ ಕಾರ್ಡಿನ ಅಂಚಿನಲ್ಲಿ ಬಿಳಿಯ ಸೂಕ್ಷ್ಮಲಿಪಿ, ಪಕ್ಕದಲ್ಲಿ ಉದ್ದಿನಬೇಳೆಯಷ್ಟು ಪ್ಲಾಸ್ಟಿಕ್ ಜಂಪರ್. ಧೂಳು ಊದದೆ 3 ಅನ್ನು 8 ಎಂದು ಓದಿದವನ ಸಂಶೋಧನೆ ಅಲ್ಲಿಗೇ ಮುಗಿಯಿತು.

ಪ್ರೊಸೆಸರಿನ ಗಮನ ಸೆಳೆಯಲು ಪ್ರತಿ ಸಾಧನಕ್ಕೂ ಒಂದು ತಂತಿ ಬೇಕು. ಅದಕ್ಕೆ ಐಆರ್‌ಕ್ಯು ಎಂದು ಹೆಸರು; ಕಾರ್ಡಿಗೆ ಯಾವ ನಂಬರಿನ ತಂತಿಯೆಂದು ಗೊತ್ತುಮಾಡುವುದು ಆ ಜಂಪರೇ. 1981ರ ಐಬಿಎಂ ಪಿಸಿಯಲ್ಲಿ ಇಂಥವು 8 ಇದ್ದವು. 1984ರ ಪಿಸಿ ಎಟಿಯಲ್ಲಿ ಇನ್ನೊಂದು ಚಿಪ್ ಸೇರಿ 16 ಆದವು; ಎರಡು ಚಿಪ್‌ಗಳ ನಂಟಸ್ತನಕ್ಕೇ ಒಂದು ಖರ್ಚಾಗಿ 15 ಉಳಿದವು. ಗಡಿಯಾರಕ್ಕೆ 0, ಕೀಬೋರ್ಡಿಗೆ 1, ಫ್ಲಾಪಿಗೆ 6 ಎಂದು ಉಂಬಳಿ ಬಿಟ್ಟಮೇಲೆ ಬಡ ಸೀರಿಯಲ್ ಪೋರ್ಟುಗಳಿಗೆ ದಕ್ಕಿದ್ದು ಎರಡೇ: ಕಾಮ್ 1 ಮತ್ತು 3ಕ್ಕೆ ಸೇರಿ 4, ಕಾಮ್ 2 ಮತ್ತು 4ಕ್ಕೆ ಸೇರಿ 3. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕೆಂದು ಸಾಧಿಸಿದ. ಆ ನ್ಯಾಯದಂತೆ ಕಾಮ್ 3ಕ್ಕೂ 4ನೇ ತಂತಿಯಲ್ಲಿ ಪಾಲುಂಟು. ಆದರೆ ಈ ಕಾರ್ಡುಗಳು ಕೂರುವ ಐಎಸ್‌ಎ ಸ್ಲಾಟುಗಳಲ್ಲಿ ಅವಿಭಕ್ತ ಕುಟುಂಬ ಬಾಳುವುದಿಲ್ಲ. ಇಬ್ಬರೂ ಒಂದೇ ತಂತಿ ಮಿಡಿದರೆ ಒಬ್ಬನ ಕೂಗು ಅರಣ್ಯರೋದನ.

ಈಗ ಉದಾಹರಣೆ. ಕಾಮ್ 1ರಲ್ಲಿ ಮೌಸ್, ಕಾಮ್ 3ರಲ್ಲಿ ಒಳಮೋಡೆಮ್. ಆಟ 1996ರ ಕ್ವೇಕ್. ಆಟಗಾರ ಕೀಬೋರ್ಡಿನಲ್ಲಿ ನೆಟ್ಟಗೆ ಓಡುವವರೆಗೆ ಸರ್ವಂ ಕ್ಷೇಮಂ. ಬೆನ್ನ ಹಿಂದೆ ರಾಕೆಟ್ಟಿನ ಸದ್ದು. ತಿರುಗೋಣವೆಂದು ಮೌಸ್ ಎಳೆಯುತ್ತಾನೆ. ಮೋಡೆಮ್ ಮೂಕವಾಗುತ್ತದೆ, ಎದುರಾಳಿ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುತ್ತಾನೆ, ಲೈನ್ ಕಟ್. ಆದ್ದರಿಂದ ಮೌಸ್ ಮುಟ್ಟದ ಮಂದಮತಿ ಬೆಳಗಿನವರೆಗೆ ಆಡುತ್ತಾನೆ, ಕೈ ಚುರುಕಿದ್ದವನು ಮಾತ್ರ ಹೊರಬೀಳುತ್ತಾನೆ. ಪ್ರತಿಭೆಯೇ ವಿಚ್ಛೇದಕಾರಣವೆಂದು ಇದರಿಂದ ಸಿದ್ಧವಾಗುತ್ತದೆ. ಸೋತವರಿಗೆ ಈ ಸಿದ್ಧಾಂತ ಬಹಳ ಪ್ರಿಯ.

ಪರಿಹಾರ ಸುಲಭವೆಂದು ತೋರುವುದು ಭ್ರಾಂತಿ. ಮೋಡೆಮನ್ನು ಕಾಮ್ 4ಕ್ಕೆ, ಅಂದರೆ 3ನೇ ತಂತಿಗೆ ವರ್ಗ ಮಾಡಿದರೆ ಅಲ್ಲಿ ಎನ್‌ಇ2000 ಮಾದರಿಯ ನೆಟ್‌ವರ್ಕ್ ಕಾರ್ಡು ಆಗಲೇ ಬಿಡಾರ ಹೂಡಿರುತ್ತದೆ. ಅದನ್ನು 5ಕ್ಕೆ ಅಟ್ಟಿದರೆ ಅಲ್ಲಿರುವ ಧ್ವನಿಕಾರ್ಡು ಸೌಂಡ್ ಬ್ಲಾಸ್ಟರಿನ ಗಂಟಲು ಕಟ್ಟುತ್ತದೆ. ಸೌಂಡ್ ಬ್ಲಾಸ್ಟರನ್ನು 7ಕ್ಕೆ ಸಾಗಹಾಕಿದರೆ ಅದು ಪ್ರಿಂಟರಿನ ಮನೆ. ಡಾಸ್‌ನಲ್ಲಿ ಪ್ರಿಂಟರು ಸಾಮಾನ್ಯವಾಗಿ ಐಆರ್‌ಕ್ಯು ಬಳಸದೆಯೇ ಕೆಲಸ ಮುಗಿಸುವ ವಿರಕ್ತ ಜೀವಿಯಾದ್ದರಿಂದ ತಂಟೆ ಅಲ್ಲಿಗೆ ನಿಲ್ಲುತ್ತದೆ. ವಿಂಡೋಸ್ 95ರ 'ಪ್ಲಗ್ ಅಂಡ್ ಪ್ಲೇ' ಈ ಎತ್ತಂಗಡಿಯನ್ನೆಲ್ಲ ತಾನೇ ಮಾಡುವುದಾಗಿ ಹೇಳಿತು. ಅದನ್ನು 'ಪ್ಲಗ್ ಅಂಡ್ ಪ್ರೇ' ಎಂದು ಓದಿದ ಪಾಠಾಂತರವೇ ಜನಬಳಕೆಯಲ್ಲಿ ಗೆದ್ದಿದೆ.

ಐಎಸ್‌ಎ ಜಾಗಕ್ಕೆ ಪಿಸಿಐ ಬಂದು ತಂತಿ ಹಂಚಿಕೊಳ್ಳುವುದನ್ನು ಕಲಿಸಿತು, ಪಿಸಿಐ ಎಕ್ಸ್‌ಪ್ರೆಸ್‌ನಲ್ಲಂತೂ ತಂತಿಯ ಬದಲು ಸಂದೇಶವೇ ಓಡಾಡುತ್ತದೆ, ಇನ್ನು ಈ ಶಾಸ್ತ್ರವೇಕೆ ಎಂದು ನವ್ಯರು ಮೂಗು ಮುರಿಯುತ್ತಾರೆ. ಮುರಿಯಲಿ. ಯುಎಸ್‌ಬಿ 3.0 ಹೊರಸೂಸುವ ಗದ್ದಲ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಸಾಧನಗಳನ್ನು ಕೆಡಿಸಬಲ್ಲದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದುಕೊಟ್ಟಿದೆ. ನೀಲಿ ಪೋರ್ಟಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಸಿನಿಮಾ ಕಾಪಿಗೆ ಹಚ್ಚಿ, ಅದರ ಮಗ್ಗುಲಲ್ಲೇ ವೈ-ಫೈ ಡಾಂಗಲ್ ಚುಚ್ಚಿ ಆಟಕ್ಕೆ ಕುಳಿತರೆ ಪಿಂಗ್ ಜ್ವರದಂತೆ ಏರಿ ಸಂಪರ್ಕ ಹರಿದರೆ ಆಶ್ಚರ್ಯವಿಲ್ಲ. ಬೈಗುಳ ಮಾತ್ರ ಸರ್ವರಿಗೆ. ಮದ್ದು: ಡಾಂಗಲನ್ನು ಎಕ್ಸ್‌ಟೆನ್ಷನ್ ಕೇಬಲ್ಲಿನಿಂದ ಒಂದೆರಡು ಮೊಳ ದೂರ ಇಡುವುದು. ವೈರ್‌ಲೆಸ್ಸಿಗೆ ವೈರ್ ಕಟ್ಟುವುದು ವದತೋವ್ಯಾಘಾತವಲ್ಲವೇ ಎಂಬ ಆಕ್ಷೇಪಕ್ಕೆ ಎರಡನೆಯ ಸಂಪುಟದಲ್ಲಿ ಉತ್ತರಿಸಲಾಗುವುದು, ಮುದ್ರಣಕ್ಕೆ ಸಹಾಯಧನ ದೊರೆತಲ್ಲಿ.