ಗುಡೇಕೋಟೆಯ ಕರಡಿ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ನಿವಾಸಿಗಳಾದ ಕರಡಿ ಮಹಾಶಯರ ಸನ್ನಿಧಿಗೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಕಾಡಂಚಿನ ಹಟ್ಟಿ, ತಾಂಡಾಗಳ ಸಂಬಂಧವಾಗಿ ಸಲ್ಲುವ ವಿಜ್ಞಾಪನೆ.

2013ರಲ್ಲಿ ಸರ್ಕಾರವು ಗುಡೇಕೋಟೆಯ ಬಂಡೆಗುಡ್ಡಗಳನ್ನು ವನ್ಯಜೀವಿಧಾಮವೆಂದು ಘೋಷಿಸಿದಾಗ ಮಹಾಶಯರು ಒಂದು ಅರ್ಜಿಯನ್ನೂ ಬರೆಯಲಿಲ್ಲ, ತಾತನ ಹೆಸರಿನ ಪಹಣಿ ಹುಡುಕಲಿಲ್ಲ, ನಾಡಕಚೇರಿಯ ಮುಂದೆ ಸರದಿಯಲ್ಲಿ ನಿಲ್ಲಲಿಲ್ಲ. ಗುಹೆಯಲ್ಲಿ ಮಲಗುತ್ತಾರೆ, ಹುತ್ತ ಬಗೆದು ಗೆದ್ದಲು ತಿನ್ನುತ್ತಾರೆ ಎಂಬುದೇ ಅವರ ವಾಸಕ್ಕೆ ಸಾಕಾದ ಪುರಾವೆಯಾಯಿತು. ಇದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಇದ್ದವರನ್ನು ಇದ್ದಾರೆಂದು ಒಪ್ಪಿಕೊಳ್ಳುವ ಈ ಸರಳ ನ್ಯಾಯವು ಎರಡು ಕಾಲಿನವರ ವಿಷಯದಲ್ಲಿ ಏಕೆ ಇಷ್ಟು ಜಟಿಲವಾಯಿತೆಂಬುದಷ್ಟೇ ಇಲ್ಲಿನ ಜಿಜ್ಞಾಸೆ.

ಮಹಾಶಯರು ಕಾನೂನು ಓದುವ ತೊಂದರೆ ತೆಗೆದುಕೊಂಡಿರಲಾರರಾದ್ದರಿಂದ ಸ್ವಲ್ಪ ವಿವರಣೆ ಅಗತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯು ಕಾಡನ್ನು ನಂಬಿ ಬದುಕಿದವರ ಸಾಗುವಳಿ, ಮೇವು, ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಹೊಸದಾಗಿ ದಯಪಾಲಿಸುವುದಿಲ್ಲ. ಮೊದಲೇ ಇದ್ದ ಹಕ್ಕನ್ನು ಮಾನ್ಯ ಮಾಡುತ್ತದೆ. ಅರ್ಜಿಯು ಗ್ರಾಮಸಭೆಯಿಂದ ಹೊರಟು ಉಪವಿಭಾಗ ಮಟ್ಟದ ಸಮಿತಿಯನ್ನು ಹಾದು, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಅಂತಿಮಗೊಳ್ಳಬೇಕು. ಕರ್ನಾಟಕದಲ್ಲಿ ಹೀಗೆ ಹೊರಟ ಸುಮಾರು 3 ಲಕ್ಷ ಅರ್ಜಿಗಳ ಪೈಕಿ ಹತ್ತರಲ್ಲೊಂದು ಪಾಲೂ ಹಕ್ಕುಪತ್ರವಾಗಿ ಮರಳಿಲ್ಲ.

ಪರಿಶಿಷ್ಟ ಪಂಗಡಕ್ಕೆ ಸೇರಿದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನವನ್ನು ತೋರಿಸಿದರೆ ಸಾಕು. ಉಳಿದವರು, ಅಂದರೆ ಕಾಯ್ದೆಯ ಭಾಷೆಯಲ್ಲಿ ‘ಇತರ ಪಾರಂಪರಿಕ ಅರಣ್ಯವಾಸಿಗಳು’, ಅದರ ಜೊತೆಗೆ ಮೂರು ತಲೆಮಾರಿನ, ಅರ್ಥಾತ್ 75 ವರ್ಷಗಳ ವಾಸವನ್ನೂ ಸಾಬೀತು ಮಾಡಬೇಕು. ನಾಯಕ ಸಮುದಾಯವು 1991ರಲ್ಲಿ ಪಂಗಡದ ಪಟ್ಟಿಗೆ ಸೇರಿದ್ದರಿಂದ ಮೊದಲನೆಯ ಸಾಲಿನಲ್ಲಿ ನಿಲ್ಲುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರಾದ್ದರಿಂದ, ಅದೇ ಗುಡ್ಡದ ಅದೇ ಬದುವಿನ ಆಚೆ ಉಳುತ್ತಿದ್ದರೂ ಎರಡನೆಯ ಸಾಲಿಗೆ ಹೋಗುತ್ತಾರೆ. 2005ರಿಂದ 75 ವರ್ಷ ಹಿಂದಕ್ಕೆ ಎಣಿಸಿದರೆ ಸಿಗುವುದು 1930. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು; ಆದುದರಿಂದ ತಾಂಡಾದ ಮುತ್ತಜ್ಜನು ಕುರಿ ಮೇಯಿಸಿದ್ದಕ್ಕೆ ಬ್ರಿಟಿಷರ ಕಾಲದ ರಸೀದಿಯನ್ನು ಜೋಪಾನ ಮಾಡಿರಬೇಕಿತ್ತೆಂಬ ನಿರೀಕ್ಷೆ ಅತ್ಯಂತ ಸಮಂಜಸವಾದುದೇ ಸರಿ. ಆದರೆ ಆ 75 ವರ್ಷ ವಾಸಕ್ಕೆ ಸಂಬಂಧಿಸಿದ್ದು, ಜಮೀನಿನ ತುಂಡಿಗಲ್ಲ. ಇಂಥದೇ ದಾಖಲೆ ಬೇಕೆಂದು ಪಟ್ಟು ಹಿಡಿಯುವಂತಿಲ್ಲವೆಂದು 2012ರಲ್ಲಿ ತಿದ್ದುಪಡಿಯಾದ ನಿಯಮಗಳೇ ಹೇಳುತ್ತವೆ. ನಿಯಮಗಳು ಬಹಳ ಹೇಳುತ್ತವೆ.

ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯದ್ದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ಈ ತಾಲ್ಲೂಕಿನಲ್ಲಿ ಜಮೀನು ಕದಲದೆ, ಅರ್ಜಿಯನ್ನು ತೀರ್ಮಾನಿಸಬೇಕಾದ ಜಿಲ್ಲಾ ಸಮಿತಿಯೇ ಮೂರು ಊರು ಸುತ್ತಿದೆ. ಅಲೆಮಾರಿಗಳು ಯಾರೆಂಬುದನ್ನು ಸಮಾಜಶಾಸ್ತ್ರಜ್ಞರು ಮರುಪರಿಶೀಲಿಸಬಹುದು.

ಕಾಯ್ದೆಯ 5ನೇ ಪ್ರಕರಣವಂತೂ ಮಹಾಶಯರಿಗೆ ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ವನ್ಯಜೀವಿ, ಅರಣ್ಯ, ಜಲಮೂಲಗಳನ್ನು ಕಾಯುವ ಅಧಿಕಾರವನ್ನು ಅದು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಡುತ್ತದೆ. ಗುಡ್ಡದ ಸೀತಾಫಲ, ಬಾರೆ, ಕಾರೆ ಹಣ್ಣುಗಳು ಕರಡಿಗೂ ಬೇಕು, ಕಿತ್ತು ಸಂತೆಗೆ ಒಯ್ಯುವವರಿಗೂ ಬೇಕು; ಮ್ಯಾಸಬೇಡರ ದೇವರ ಎತ್ತುಗಳಿಗೆ ಅವುಗಳನ್ನು ಕಾಯುವ ಕಿಲಾರಿಯು ಹುಡುಕುವ ನೀರಿನ ಗುಂಡಿಯೇ ರಾತ್ರಿ ಕರಡಿಗೂ ನೀರಿನ ತಾಣ. ಯಾವ ಗುಡ್ಡವನ್ನು ಈ ವರ್ಷ ಬಿಡಬೇಕು, ಎಷ್ಟು ಹಣ್ಣು ಮರದಲ್ಲೇ ಉಳಿಯಬೇಕೆಂಬುದನ್ನು ನಿರ್ಧರಿಸಬಲ್ಲವರು ಇವರೇ. ಆದರೆ ಹಕ್ಕುದಾರರೆಂದು ಮಾನ್ಯರಾಗುವವರೆಗೆ ಅವರ ಹೆಸರು ಒತ್ತುವರಿದಾರರು. ಇದಕ್ಕೆ ಹೋಲಿಸಿದರೆ, ಕೆನಡಾದ ನುನಾವುತ್‌ನಲ್ಲಿ 1993ರ ಭೂಹಕ್ಕು ಒಪ್ಪಂದವು ವನ್ಯಜೀವಿ ಮಂಡಳಿಯಲ್ಲಿ ಇನೂಯಿಟ್ ಜನರಿಗೆ ಸ್ಥಾನವನ್ನೇ ಕೊಟ್ಟಿತು. ಒಪ್ಪಂದ ಸರಿಯಾಗಿ ಜಾರಿಯಾಗಲಿಲ್ಲವೆಂದು ಅವರ ಸಂಸ್ಥೆ 2006ರಲ್ಲಿ ಸರ್ಕಾರದ ಮೇಲೆ ದಾವೆ ಹೂಡಿ, 2015ರಲ್ಲಿ 25.55 ಕೋಟಿ ಡಾಲರಿಗೆ ರಾಜಿಯಾಯಿತು. ಜಾರಿಯಾಗದಿರುವುದಕ್ಕೆ ಬೆಲೆ ಕಟ್ಟಬಹುದೆಂಬ ಈ ವಿಚಿತ್ರ ಕಲ್ಪನೆ ಇಲ್ಲಿನ ಹಗರಿ ನದಿಯ ತೀರವನ್ನು ಇನ್ನೂ ತಲುಪಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಬಿಳಿಗಿರಿರಂಗನಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಾಮುದಾಯಿಕ ಹಕ್ಕು ದೊರೆಯಿತು. ಹುಲಿಗಳು ಆಕ್ಷೇಪಣೆ ಸಲ್ಲಿಸಿದ ದಾಖಲೆಯಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಪಕ್ಷಿ ಸಂರಕ್ಷಣಾ ಮೀಸಲಾದ ಅಂಕಸಮುದ್ರದ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. ಅಂತಹ ಮೀಸಲಿನ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ವನ್ಯಜೀವಿ ಕಾಯ್ದೆಯೇ ವಿಧಿಸುತ್ತದೆ.

ಕೊನೆಯದಾಗಿ ಕೋರಿಕೆ. ನಿಯಮಗಳ ಪ್ರಕಾರ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಪುರಾವೆಯಾಗಿ ಸಲ್ಲುತ್ತದೆ. ಮಹಾಶಯರ ವಂಶ 1930ಕ್ಕಿಂತ ಮೊದಲಿನದು, ಅವರು ಅರ್ಜಿದಾರರಲ್ಲ, ಅವರ ವಾಸವನ್ನು ಯಾವ ಇಲಾಖೆಯೂ ಪ್ರಶ್ನಿಸುವಂತಿಲ್ಲ. ಆದ್ದರಿಂದ ಈ ಹಟ್ಟಿ, ತಾಂಡಾಗಳ ಜನರನ್ನು ತಲೆಮಾರುಗಳಿಂದ ಕಂಡಿರುವುದಾಗಿ ಹೇಳಿಕೆ ಕೊಟ್ಟು, ಹೆಬ್ಬೆಟ್ಟಿನ ಜಾಗದಲ್ಲಿ ಪಂಜದ ಗುರುತು ಒತ್ತಿಕೊಡಬೇಕಾಗಿ ವಿನಂತಿ. ಹರಪನಹಳ್ಳಿಯವರಿಗೆ ಮಾತ್ರ ಮೂರು ಪ್ರತಿ ಬೇಕಾಗುತ್ತದೆ.