ಜಾವಕ ಸಂಖ್ಯೆ 612

ನಮ್ಮ ಬೀದಿಯ ರಾಯರ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಹಾಲು ಉಕ್ಕುತ್ತದೆ. ಗೃಹಪ್ರವೇಶದ ದಿನವಾದರೆ ಶುಭ ಅನ್ನಬಹುದಿತ್ತು. ಅವರು ಆ ಮನೆಗೆ ಬಂದು ಮೂವತ್ತು ವರ್ಷವಾಯಿತು.

ಆಗುವುದಿಷ್ಟೇ. "ಹಾಲು ಸ್ವಲ್ಪ ನೋಡ್ಕೊಳ್ಳಿ" ಎಂದು ಅವರಾಕೆ ರಂಗೋಲಿ ಡಬ್ಬಿ ಹಿಡಿದು ಬಾಗಿಲಿಗೆ ಹೋಗುತ್ತಾರೆ. ರಾಯರು ನೋಡುತ್ತಾರೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲುಗಟ್ಟುವುದನ್ನು, ಕೆನೆ ಮೊದಲು ಸುಕ್ಕುಗಟ್ಟಿ ಆಮೇಲೆ ನಡುವೆ ಉಬ್ಬುವುದನ್ನು, ಉಬ್ಬಿದ್ದು ಒಂದು ಕ್ಷಣ ಯೋಚಿಸುವಂತೆ ನಿಲ್ಲುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅಷ್ಟರಲ್ಲಿ ಕೈ ಜೇಬಿನ ಪೆನ್ನಿಗೆ ಹೋಗಿರುತ್ತದೆ. ಗ್ಯಾಸಿನ ಗುಬುಟಿಗೆ ಹೋಗಿರುವುದಿಲ್ಲ.

"ನೋಡ್ಕೊಳ್ಳಿ ಅಂದೆ, ನೋಡ್ತಾ ನಿಂತ್ಕೊಳ್ಳಿ ಅಂದೆನಾ?"

"ಸ್ಫೂರ್ತಿ ಕಣೇ. ಅದೇನು ಹೇಳಿ ಕೇಳಿ ಬರುತ್ತಾ?"

"ಹಾಲು ಹೇಳಿ ಕೇಳಿ ಉಕ್ಕುತ್ತಾ?"

ಈ ಸಂಭಾಷಣೆ ಕಾಂಪೌಂಡು ದಾಟಿ ನಮ್ಮ ಮನೆಗೆ ಸ್ಪಷ್ಟವಾಗಿ ಕೇಳುತ್ತದೆ. ಅವರ ಒಟ್ಟು ಕಾವ್ಯಕ್ಕಿಂತ ಇದರಲ್ಲೇ ಕಾವ್ಯ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅವರಿಗೆ ಹೇಳಿಲ್ಲ.

ರಾಯರಂಥವರು ಕರ್ನಾಟಕದ ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ನಿಮ್ಮ ಬೀದಿಯಲ್ಲಿ ಇಲ್ಲವೆಂದರೆ ಬಹುಶಃ ಅದು ನೀವೇ. ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಸೂಪರಿಂಟೆಂಡೆಂಟಾಗಿ ನಿವೃತ್ತರಾಗಿ, ಮರುದಿನ ಬೆಳಿಗ್ಗೆಯಿಂದಲೇ ಸಾಹಿತಿಯಾದವರು. ಮಧ್ಯೆ ಒಂದು ದಿನವೂ ವ್ಯರ್ಥವಾಗಲಿಲ್ಲ. "ಕೆ.ಎಸ್.ನ. ಕೂಡ ಗುಮಾಸ್ತರೇ ಆಗಿದ್ರು ಸ್ವಾಮಿ" ಎನ್ನುತ್ತಾರೆ. ನಿಜ. ಆದರೆ 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ, ಕವಿಗೆ ಆಗ ಇನ್ನೂ ಮೂವತ್ತೂ ತುಂಬಿರಲಿಲ್ಲ. ಇದನ್ನು ನೆನಪಿಸಿದರೆ ರಾಯರು "ನಾನು ತಡವಾಗಿ ಅರಳೋ ಜಾತಿ" ಎಂದು ಕೂಡಲೇ ಪೆನ್ನು ತೆಗೆಯುತ್ತಾರೆ. ತಾವು ಆಡಿದ ಮಾತೂ ಅವರಿಗೆ ಸ್ಫೂರ್ತಿ.

ಸ್ಫೂರ್ತಿಗಾಗಿ ತಿಂಗಳಿಗೊಮ್ಮೆ ಗಾಂಧಿ ಬಜಾರಿಗೆ ಹೋಗುವುದುಂಟು. ಡಿವಿಜಿ ಓಡಾಡಿದ ರಸ್ತೆ, ಮಾಸ್ತಿ ಛತ್ರಿ ಹಿಡಿದು ನಡೆದ ದಾರಿ ಎಂಬ ಭಕ್ತಿ. ಅವರದೊಂದು ಸಿದ್ಧಾಂತವೂ ಇದೆ. ಡಿವಿಜಿಯವರ 'ಮಂಕುತಿಮ್ಮನ ಕಗ್ಗ' ಹೊರಬಂದದ್ದು 1943ರಲ್ಲಿ, ಅದೇ ಬಜಾರಿನ ವಿದ್ಯಾರ್ಥಿ ಭವನ ಹೋಟೆಲು ಬಾಗಿಲು ತೆರೆದದ್ದೂ 1943ರಲ್ಲಿ. ಇದು ಕಾಕತಾಳೀಯ ಇರಲಾರದು, ಆ ದೋಸೆಯಲ್ಲಿ ಏನೋ ಇದೆ. ಪರೀಕ್ಷೆಗೆಂದು ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಕೂತು, ದೋಸೆಯ ಕೊನೆಯ ಗರಿಗರಿ ಅಂಚು ಮುರಿಯುವ ಹೊತ್ತಿಗೆ ಸ್ಫೂರ್ತಿ ಬಂದೇಬಿಟ್ಟಿತು. ಪೆನ್ನು ತೆಗೆದು ತಲೆಯೆತ್ತಿದರೆ ಕುರ್ಚಿಯ ಹಿಂದೆ ನಾಲ್ಕು ಜನರ ಒಂದು ಸಂಸಾರ ನಿಂತು ಅವರ ಖಾಲಿ ತಟ್ಟೆಯನ್ನೇ ನೋಡುತ್ತಿತ್ತು. ಹೋಟೆಲಿನವರ ತಪ್ಪೇನೂ ಇಲ್ಲ, ಭಾನುವಾರದ ತಪ್ಪು. ರಾಯರು ಆ ಕವಿತೆಯನ್ನು ಹೊರಗೆ ಯಾರದೋ ಸ್ಕೂಟರಿನ ಸೀಟಿನ ಮೇಲಿಟ್ಟು ಮುಗಿಸಿದರು. ಸ್ಕೂಟರಿನ ಯಜಮಾನ ಬಂದದ್ದರಿಂದ ಕೊನೆಯ ಎರಡು ಸಾಲು ಬಿಗಿಯಾಗಿ ಬಂದಿವೆ.

ಬರೆಯುವುದು ಲಗ್ನಪತ್ರಿಕೆಗಳ ಹಿಂಬದಿಯಲ್ಲಿ. ಒಂದು ಮಗ್ಗುಲಲ್ಲಿ ಯಾರದೋ ಚಿರಂಜೀವಿ ಯಾರದೋ ಸೌಭಾಗ್ಯವತಿ, ಇನ್ನೊಂದು ಮಗ್ಗುಲಲ್ಲಿ ವಿರಹ.

ಪತ್ರಿಕೆಗೆ ಬರೆಯುವವರಿಗೆ ಇನ್ನೊಂದು ಕಷ್ಟ ಉಂಟು, ಅದನ್ನು ಓದುಗರು ತಿಳಿದಿರಬೇಕು. ಅವರ ಪಂಚಾಂಗ ಎರಡು ಮೂರು ತಿಂಗಳು ಮುಂದೆ ಓಡುತ್ತಿರುತ್ತದೆ. ದೀಪಾವಳಿ ವಿಶೇಷಾಂಕಕ್ಕೆ ಹಣತೆಯ ಮೇಲೆ ಬರೆಯಬೇಕಾದದ್ದು ಆಷಾಢದ ಜಡಿಮಳೆಯಲ್ಲಿ. ಯುಗಾದಿಯ ಮಾವಿನ ಚಿಗುರು ಕವಿತೆಯಲ್ಲಿ ಕಾಣಿಸಿಕೊಳ್ಳಬೇಕಾದದ್ದು ಧನುರ್ಮಾಸದ ಚಳಿಯಲ್ಲಿ, ಸ್ವೆಟರ್ ಹಾಕಿಕೊಂಡು. ಮೊದಲ ವರ್ಷ ರಾಯರಿಗೆ ಇದು ಗೊತ್ತಿರಲಿಲ್ಲ. ಕೋಗಿಲೆ ಕೂಗಿದ ದಿನವೇ ಕೋಗಿಲೆಯ ಮೇಲೆ ಬರೆದು ಕಳಿಸಿದರು. ಈಗ ಪಳಗಿದ್ದಾರೆ. ಕೋಗಿಲೆ ಕೂಗಿದರೆ ಕಿವಿ ಮುಚ್ಚಿಕೊಂಡು ಮಳೆಯ ಮೇಲೆ ಬರೆಯುತ್ತಾರೆ.

ಇನ್ನು ಅವರ ಕಡತ. ನಾನು ಅವರನ್ನು ಗೌರವಿಸತೊಡಗಿದ್ದು ಅದನ್ನು ನೋಡಿದ ಮೇಲೆ. ಕೆಂಪು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ, ಮೇಲೆ ಚೀಟಿ: 'ಆವಕ–ಜಾವಕ ವಹಿ'. ಒಳಗೆ ಸ್ಕೇಲು ಹಿಡಿದು ಎಳೆದ ಕಾಲಂಗಳು. ಕ್ರಮಸಂಖ್ಯೆ, ದಿನಾಂಕ, ವಿಷಯ, ಯಾರಿಗೆ, ಷರಾ. ಸೋಮವಾರ ಒಂದು, ಗುರುವಾರ ಒಂದು, ಆರು ವರ್ಷದಿಂದ. ಕವಿತೆಯ ಜೊತೆಗೊಂದು ಪತ್ರ ಹೋಗುತ್ತದೆ: 'ವಿಷಯ: ಚಂದ್ರೋದಯದ ಕುರಿತು. ಉಲ್ಲೇಖ: ಈ ಹಿಂದಿನ ಸೂರ್ಯಾಸ್ತ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಹದಿನಾರು ಸಾಲುಗಳನ್ನು ಅಗತ್ಯ ಕ್ರಮಕ್ಕಾಗಿ ಇದರೊಡನೆ ಲಗತ್ತಿಸಿದೆ.' ಹಿಂತಿರುಗಿಸಲು ಸ್ವವಿಳಾಸದ ಲಕೋಟೆ, ಅದಕ್ಕೆ ಐದು ರೂಪಾಯಿಯ ಅಂಚೆಚೀಟಿ. ಈಚೆಗೆ ಮೊಮ್ಮಗಳ ಕೈಲಿ ಇ-ಮೇಲನ್ನೂ ಮಾಡಿಸುತ್ತಾರೆ. 'ನುಡಿ' ತಂತ್ರಾಂಶದಲ್ಲಿ ಟೈಪಾದ ಒಂದು ಕವಿತೆ ಪತ್ರಿಕೆಯವರ ಕಂಪ್ಯೂಟರಿನಲ್ಲಿ ಬರೀ ಸೊಟ್ಟ ಚಿಹ್ನೆಗಳಾಗಿ ತೆರೆದುಕೊಂಡಿತಂತೆ. 'ಓದಲು ಬರುತ್ತಿಲ್ಲ' ಎಂದು ಉತ್ತರ ಬಂತು. ರಾಯರು ಅದನ್ನು ವಿಮರ್ಶೆ ಎಂದು ತಿಳಿದು ಎರಡು ದಿನ ಊಟ ಬಿಟ್ಟರು.

ಮಿಕ್ಕಂತೆ ಅವರು ಎದೆಗುಂದಿದ್ದನ್ನು ನಾನು ಕಂಡಿಲ್ಲ. ವಿಷಾದ ಪತ್ರಗಳನ್ನು ತೂತು ಮಾಡಿ, ಟ್ಯಾಗು ಹಾಕಿ, ದಿನಾಂಕವಾರು ಜೋಡಿಸಿದ್ದಾರೆ. ಉತ್ತರವೇ ಬಾರದವುಗಳ ಎದುರು ಷರಾ: 'ಪರಿಶೀಲನೆಯಲ್ಲಿದೆ'. ಆರು ತಿಂಗಳಾದರೆ ಒಂದು ನೆನಪೋಲೆ. "ನಾನು ಸರ್ವಿಸ್‌ನಲ್ಲಿದ್ದಾಗ ಒಬ್ಬರ ಪಿಂಚಣಿ ಫೈಲು ಹನ್ನೊಂದು ವರ್ಷ ನನ್ನ ಮೇಜಿನ ಮೇಲೇ ಇತ್ತು. ಕೊನೆಗೆ ಮಂಜೂರಾಗಲಿಲ್ಲವೇ?" ಎನ್ನುತ್ತಾರೆ. ಆ ಪಿಂಚಣಿದಾರ ಯಾರೋ, ಏನು ಶಾಪ ಹಾಕಿದ್ದನೋ.

ಇದುವರೆಗೆ ಪ್ರಕಟವಾದದ್ದು ಒಂಬತ್ತು. ಅವುಗಳ ಜೊತೆ ಇನ್ನಷ್ಟು ಸೇರಿಸಿ ಸ್ವಂತ ಖರ್ಚಿನಲ್ಲಿ ಒಂದು ಸಂಕಲನ ತಂದರು, ಐನೂರು ಪ್ರತಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದು, ಕಾರಂತರು ಪುತ್ತೂರಿನಲ್ಲಿ ತಮ್ಮದೇ ಪ್ರಕಾಶನ ನಡೆಸಿದ್ದು, ಎಲ್ಲವನ್ನೂ ಬಿಡುಗಡೆಯ ದಿನ ನೆನೆದರು. ತಲೆಯ ಮೇಲೆ ಹೊರಲು ಬೆನ್ನುನೋವು ಅಡ್ಡಬಂತು. ಪುಸ್ತಕ ಮಂಚದ ಕೆಳಗೆ ಸೇರಿತು. ಆಗ ಕೈಹಿಡಿದವರು ಅವರಾಕೆಯೇ. ವರಮಹಾಲಕ್ಷ್ಮಿ ಹಬ್ಬದ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರಿಗೆಲ್ಲ ತಾಂಬೂಲದಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಅದರಡಿಯಲ್ಲಿ ಸಂಕಲನ. ತಾಂಬೂಲ ಬೇಡ ಅನ್ನುವಂತಿಲ್ಲ! ಒಂದೇ ಸಂಜೆಗೆ ಅರವತ್ತು ಪ್ರತಿ ಹೋದವು. ಕನ್ನಡ ಪುಸ್ತಕ ಮಾರಾಟದ ಸಮಸ್ಯೆಯ ಬಗ್ಗೆ ಗೋಷ್ಠಿ ನಡೆಸುವವರು ಒಮ್ಮೆ ಆ ತಾಯಿಯನ್ನು ಕರೆಸಬೇಕು.

ಮೊನ್ನೆ ಸೋಮವಾರ ಬೆಳಿಗ್ಗೆ ನಾನು ಹಾಲಿನ ಬೂತಿನ ಮುಂದೆ ಪೆಚ್ಚಾಗಿ ನಿಂತಿದ್ದೆ. ಲೇಖನ ಕೊಡಬೇಕಾದ ದಿನ ದಾಟಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ರಾಯರು ಮುಖ ನೋಡಿಯೇ ಹಿಡಿದುಬಿಟ್ಟರು.

"ಏನೂ ಹೊಳೀತಿಲ್ವಾ?"

"ಸ್ಫೂರ್ತಿ ಬರ್ತಿಲ್ಲ ರಾಯರೇ. ನಿಮಗೆ ವಾರಕ್ಕೆ ಎರಡು ಸಲ ಹೇಗೆ ಬರುತ್ತೆ?"

ಸುತ್ತ ನೋಡಿ, ಇಲಾಖೆಯ ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು. "ಬರಲ್ಲ ಸ್ವಾಮಿ. ಯಾರಿಗೆ ಬರುತ್ತೆ? ನಾನು ಬೆಳಿಗ್ಗೆ ಎದ್ದು ಮೊದಲು ವಹೀಲಿ ನಂಬರು ಹಾಕಿಬಿಡ್ತೀನಿ. ತಾರೀಕು ಬರೀತೀನಿ. ನಂಬರು ಬಿದ್ದಮೇಲೆ ಕಾಲಂ ಖಾಲಿ ಬಿಡೋಕಾಗುತ್ತಾ? ಆಡಿಟ್ನೋರು ಏನಂತಾರೆ? ಸಂಜೆ ಒಳಗೆ ಏನಾದ್ರೂ ಬರೆದು ಲಕೋಟೆ ಅಂಟಿಸಲೇಬೇಕು. ಇವತ್ತು 612."

"ಇವತ್ತಿನ ವಿಷಯ?"

"ಇನ್ನೂ ಇಲ್ಲ. ಅವಳು ಈಗ ಹಾಲು ಕಾಯಿಸೋಕೆ ಇಡ್ತಾಳೆ" ಎಂದು ಪ್ಯಾಕೆಟ್ಟು ಹಿಡಿದು ಬೇಗ ಬೇಗ ಹೊರಟರು.

ಈ ಹಸ್ತಪ್ರತಿಯ ಎಡಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 1 ಎಂದಿದೆ. ಅದು ಪುಟಸಂಖ್ಯೆಯಲ್ಲ, ಸಂಪಾದಕರು ದಯವಿಟ್ಟು ಗಮನಿಸಬೇಕು.